ಲುಟಿನೊ ಕಾಕಟೀಲ್ ಮರಿಗಳ ತಲೆ ಬೋಳು, ಇದೇ ಜೋಡಿಯಿಂದ ಮತ್ತೆ ಮರಿ ಮಾಡಿಸಲಾ?

ಸಕ್ಕರೆನಾಡು ಹಕ್ಕಿ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ಟೆರೇಸಿನ ಮೇಲೆ ಒಂದು ಜೋಡಿ ಲುಟಿನೊ ಕಾಕಟೀಲ್, ಅಂದರೆ ಹಳದಿ ಬಣ್ಣದ ಜುಟ್ಟಿನ ಸಣ್ಣ ಗಿಳಿ, ಸಾಕಿದ್ದೇನೆ. ಮೊದಲ ಸಲ ಐದು ಮರಿ ಆದವು. ಮೂರಕ್ಕೆ ಜುಟ್ಟಿನ ಹಿಂದೆ ನಾಲ್ಕಾಣೆ ಅಗಲ ಬೋಳು. ತಾಯಿಗೂ ಹಾಗೇ ಇದೆ. ಮೊನ್ನೆ ಸುಮ್ನೆ ಕಾಲಿನ ರಿಂಗ್ ನೋಡಿದೆ. ಗಂಡಿನದು 14, ಹೆಣ್ಣಿನದು 16. ಒಂದೇ ಅಕ್ಷರ, ಒಂದೇ ವರ್ಷ. ಮಾರಿದವರನ್ನು ಕೇಳಿದರೆ "ಲುಟಿನೊ ಅಂದ್ರೆ ಹಾಗೇ" ಅಂದರು. ಒಬ್ಬ ಅಂಗಡಿಯವರು ಮೂರು ವಾರಕ್ಕೇ ಮರಿ ಕೊಡಿ ಅಂತಾರೆ. ಈಗ ಪೆಟ್ಟಿಗೆಯಲ್ಲಿ ಮತ್ತೆ ಎರಡು ಮೊಟ್ಟೆ. ಏನು ಮಾಡಲಿ?

ಹಳದಿ ಜುಟ್ಟು:
ಮರಿ ಚೆನ್ನಾಗಿ ತಿಂದರೆ ಸಾಕು ಬಿಡಿ ಗುರು. ಬಣ್ಣಕ್ಕೆ ಗಿರಾಕಿ ಇದ್ದೇ ಇರುತ್ತಾರೆ.

ಹಳೇ ಪಂಜರ (ಮೈಸೂರು):
ಗಿರಾಕಿ ಇರುತ್ತಾರೆ, ನಿಜ. ನನಗೂ ಇದ್ದರು. ಪ್ರದರ್ಶನಕ್ಕೆ ದೊಡ್ಡ ಜುಟ್ಟು ಬೇಕು ಅಂತ ಜುಟ್ಟಿನ ಕ್ಯಾನರಿಗೆ (ಹಾಡುವ ಪುಟ್ಟ ಹಕ್ಕಿ) ಜುಟ್ಟಿನ ಕ್ಯಾನರಿಯನ್ನೇ ಕೂಡಿಸಿದ್ದೆ. ಎರಡೂ ಕಡೆಯಿಂದ ಜುಟ್ಟಿನ ಗುಣ ಬಂದ ಮರಿ ಉಳಿಯುವುದಿಲ್ಲ. ಮೊಟ್ಟೆಯಲ್ಲೇ ಸತ್ತವನ್ನು ಎಣಿಸಿದ ಮೇಲೆ ಬುದ್ಧಿ ಬಂತು.

ತಮ್ಮಾ, ನಿಮ್ಮವು ಒಡಹುಟ್ಟಿದವೇ ಇರಬೇಕು. ಮುಚ್ಚಿದ, ಅಂದರೆ ಸೀಳಿಲ್ಲದ, ರಿಂಗನ್ನು ಮರಿಗೆ ಹತ್ತು ದಿನ ಆಗುವಷ್ಟರಲ್ಲಿ ಹಾಕುತ್ತಾರೆ, ಒಂದೇ ಗೂಡಿನವಕ್ಕೆ ನಂಬರು ಪಕ್ಕಪಕ್ಕದಲ್ಲೇ ಬರುತ್ತದೆ. ಬೋಳು ಹಳದಿ ಬಣ್ಣದ ಜೊತೆ ಬರಲೇಬೇಕು ಅಂತೇನಿಲ್ಲ. ಈ ಬಣ್ಣ ಮೊದಲು ಕಂಡದ್ದು 1958ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ. ಇದ್ದ ನಾಲ್ಕಾರು ಹಕ್ಕಿಗಳನ್ನೇ ಒಂದಕ್ಕೊಂದು ಕೂಡಿಸಿ ಬೆಳೆಸಿದ್ದರ ಫಲ ಈ ಬೋಳು.

ಈ ಜೋಡಿಯಿಂದ ಮತ್ತೆ ಮರಿ ಬೇಡ. ಹಾಗಂತ ಮೊಟ್ಟೆ ತೆಗೆದು ಬಿಸಾಡಬೇಡಿ. ಖಾಲಿ ಕಂಡರೆ ಇನ್ನೂ ಇಡುತ್ತಾಳೆ, ಮೈಯಲ್ಲಿನ ಸುಣ್ಣ ಕರಗುತ್ತದೆ, ಆಮೇಲೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಇಟ್ಟ ಹೊಸದರಲ್ಲೇ ಬೇಯಿಸಿ, ತಣಿಸಿ, ಪೆನ್ಸಿಲ್ ಗುರುತು ಹಾಕಿ ವಾಪಸ್ ಇಡಿ. ದಿನ ಬಿಟ್ಟು ದಿನ ಇನ್ನೂ ಒಂದೊಂದು ಇಟ್ಟಾಳು. ಅದಕ್ಕೂ ಅಷ್ಟೇ. ಮೂರು ವಾರ ಕಾವು ಕೂತು ತಾನೇ ಎದ್ದು ಬರುತ್ತಾಳೆ. ಆಗ ಪೆಟ್ಟಿಗೆ ತೆಗೆದುಬಿಡಿ. ಸುಣ್ಣಕ್ಕೆ ಅಂತ ಪಂಜರದಲ್ಲಿ ಇಡುವ ಕಟಲ್ ಬೋನ್ (ಕಡಲಜೀವಿಯ ಚಿಪ್ಪು) ಮಾತ್ರ ತಪ್ಪಿಸಬೇಡಿ.

ಅಂಗಡಿಗೆ ಮೂರು ವಾರದ ಮರಿ ಬೇಡವೇ ಬೇಡ. ಅಲ್ಲಿನ ಹುಡುಗ ಬಿಸಿ ಗಂಜಿಯನ್ನು ಸಿರಿಂಜಿನಲ್ಲಿ ಹಾಕುತ್ತಾನೆ, ಗಂಟಲ ಕೆಳಗಿನ ಮೇವಿನ ಚೀಲ ಸುಟ್ಟುಹೋಗುತ್ತದೆ. ತಾನೇ ಕಾಳು ಒಡೆದು ತಿನ್ನೋವರೆಗೂ ಮರಿ ನಿಮ್ಮಲ್ಲೇ ಇರಲಿ.

ಸಕ್ಕರೆನಾಡು ಹಕ್ಕಿ:
ಬೇಯಿಸಿ ಇಟ್ಟೆ ಅಣ್ಣ. ಅಮ್ಮ "ನನ್ನ ಹಾಲಿನ ಪಾತ್ರೆಯೇ ಬೇಕಿತ್ತಾ" ಅಂತ ಬೈದರು. ಗಂಡನ್ನು ಬೇರೆ ಹೆಣ್ಣಿಗೆ ಕೂಡಿಸಬಹುದಾ?

ಹಳೇ ಪಂಜರ (ಮೈಸೂರು):
ಅವನ ತಲೆ ತುಂಬಾ ಪುಕ್ಕ ಇದೆಯಾ ನೋಡಿ. ಇದ್ದರೆ ಬೂದು ಬಣ್ಣದ ಹೆಣ್ಣು ಸರಿ, ನೆಂಟಸ್ತಿಕೆ ಇಲ್ಲದ್ದು. ಹೆಣ್ಣುಮರಿಗಳೆಲ್ಲ ಹಳದಿ ಬರುತ್ತವೆ, ಗಂಡುಮರಿಗಳೆಲ್ಲ ಬೂದು. ಗಂಡು ಹೆಣ್ಣು ಗುರುತಿಸುವ ತಲೆನೋವೂ ಇಲ್ಲ. ಮೂರು ಬೋಳು ಮರಿಗಳನ್ನು ಮರಿ ಮಾಡಿಸಲು ಕೊಡಬೇಡಿ, ಸುಮ್ನೆ ಸಾಕುವವರಿಗೆ ವಿಷಯ ಹೇಳಿ ಕೊಡಿ. ನನ್ನ ಹತ್ತಿರ ಬೂದು ಹೆಣ್ಣು ಎರಡಿವೆ. ಭಾನುವಾರ ಬನ್ನಿ, ಯಾವ ನಂಬರಿನದು ಯಾರ ಮರಿ ಅಂತ ಬರೆದ ರಿಂಗಿನ ಪುಸ್ತಕ ತೆಗೆದಿಟ್ಟಿರುತ್ತೇನೆ. ಮೊದಲು ಅದನ್ನು ನೋಡಿ, ಆಮೇಲೆ ಹಕ್ಕಿ.