ಹಳಿ ದಾಟುವ ಕಾಲುದಾರಿ ಮುಚ್ಚಿ ಬೇರೆ ದಾರಿ ಕೊಡುವ ನೋಟಿಸ್ (ಇಂಗ್ಲೆಂಡ್): ಆಕ್ಷೇಪಣೆಯಲ್ಲಿ ಏನು ಬರೀಬೇಕು?

ಹೊಲದಂಚು: ಎಸೆಕ್ಸ್‌ನಲ್ಲಿ ಹೊಲದ ನಡುವಿನ ಕಾಲುದಾರಿ ಜೋಡಿ ಹಳಿ ದಾಟುವ ಗೇಟಿನ ಮೇಲೆ ಕೌನ್ಸಿಲ್ ನೋಟಿಸ್ ಬಂದಿದೆ. ಹೈವೇಸ್ ಆ್ಯಕ್ಟ್ 1980, ಸೆಕ್ಷನ್ 119ಎ. ಹಳಿ ದಾಟೋದು ಬಂದ್, ಬದುವಿನ ಗುಂಟ ಹೋಗಿ ರಸ್ತೆ ಸೇತುವೆ ಹತ್ತಬೇಕು. ಸುಮಾರು 900 ಮೀಟರ್ ಹೆಚ್ಚು. ರೈಲಿನ ವೇಗಮಿತಿ ಗಂಟೆಗೆ 90 ಮೈಲಿ. 'ಸುತ್ತು ಜಾಸ್ತಿ' ಅಂತ ಬರೆದರೆ ಸಾಕಾ?

ಕಾಯ್ದೆಕಟ್ಟು: ಸಾಲದು. ಮಾಮೂಲಿ ದಾರಿ ಬದಲಾವಣೆಗೆ (ಸೆಕ್ಷನ್ 119) ಹೊಸ ದಾರಿ ಹಳೆಯದಕ್ಕಿಂತ ಗಣನೀಯವಾಗಿ ಅನನುಕೂಲ ಆಗಬಾರದು ಅನ್ನೋ ಷರತ್ತಿದೆ. 119ಎಯಲ್ಲಿ ಆ ಮಾತೇ ಇಲ್ಲ, ಆಧಾರ ಸುರಕ್ಷತೆ. ಆದೇಶ ಖಾಯಂ ಆಗೋ ಮುಂಚೆ ಮುಖ್ಯವಾಗಿ ನೋಡೋದು ಎರಡು: ಈಗಿನ ಜಾಗವನ್ನೇ ಸುರಕ್ಷಿತ ಮಾಡೋಕೆ ಕಾರ್ಯಸಾಧ್ಯವೇ, ಮುಚ್ಚಿದ ಮೇಲೆ ತಡೆಬೇಲಿ, ಫಲಕ ಹಾಕಿ ನೋಡಿಕೊಳ್ಳೋ ಏರ್ಪಾಡು ಏನು. ಮೊದಲನೆಯದರ ಮೇಲೆ ಜೋರು ಹಾಕಿ. ಆಕ್ಷೇಪಣೆ ಲಿಖಿತವಾಗಿರಲಿ, ನೋಟಿಸಿನಲ್ಲಿರೋ ಕೊನೇ ದಿನದೊಳಗೆ ತಲುಪಲಿ. ಕನಿಷ್ಠ 28 ದಿನ ಕೊಡಲೇಬೇಕು. ಒಂದು ಆಕ್ಷೇಪಣೆ ಉಳಿದರೂ ಕೌನ್ಸಿಲ್ ತಾನೇ ಖಾಯಂ ಮಾಡೋ ಹಾಗಿಲ್ಲ.

ಎಸೆಕ್ಸ್, ಸಫೊಕ್, ಕೇಂಬ್ರಿಜ್‌ಶೈರ್‌ಗಳಲ್ಲಿ ನೆಟ್‌ವರ್ಕ್ ರೈಲ್ (ಹಳಿಗಳನ್ನ ನೋಡಿಕೊಳ್ಳೋ ಸಂಸ್ಥೆ) 2017ರಲ್ಲಿ ಇಂಥ ದಾಟುವ ಜಾಗಗಳನ್ನ ಗುಂಪಾಗಿ ಮುಚ್ಚೋಕೆ ಅರ್ಜಿ ಹಾಕಿದ್ದು ಟ್ರಾನ್ಸ್‌ಪೋರ್ಟ್ ಆ್ಯಂಡ್ ವರ್ಕ್ಸ್ ಆ್ಯಕ್ಟ್ 1992ರ ಅಡಿ. ಅಲ್ಲಿ ಗಡುವು 42 ದಿನ, ಒರೆಗಲ್ಲೂ ಬೇರೆ. ಆ ವಿಚಾರಣೆಗಳ ವಾದವನ್ನ ಇಲ್ಲಿಗೆ ಹಾಗೇ ಎತ್ತಿಹಾಕಬೇಡಿ.

ಸಿಗ್ನಲ್‌ಕಂಬ: 'ಸುರಕ್ಷಿತ ಮಾಡಬಹುದು' ಅಂತ ಸುಮ್ಮನೆ ಹೇಳಿದರೆ ಯಾರೂ ಕೇಳಲ್ಲ, ಲೆಕ್ಕ ಕೊಡಿ. ನಿಂತು ನೋಡೋ ಜಾಗ ಹತ್ತಿರದ ಹಳಿಯಿಂದ ಕನಿಷ್ಠ 2 ಮೀಟರ್ ಹಿಂದಿರಬೇಕು. ಜೋಡಿ ಹಳಿ ದಾಟಿ ಆ ಕಡೆಯೂ 2 ಮೀಟರ್ ಸರಿದರೆ ಒಟ್ಟು ಸುಮಾರು 9 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿದರೆ 7.5 ಸೆಕೆಂಡು. ವಯಸ್ಸಾದವರು, ಮಕ್ಕಳು ಓಡಾಡೋ ಕಡೆ ಅರ್ಧ ಸೇರಿಸಿದರೆ ಹನ್ನೊಂದು ಚಿಲ್ಲರೆ. 90 ಮೈಲಿ ಅಂದರೆ ಸೆಕೆಂಡಿಗೆ 40 ಮೀಟರ್. ಹಾಗಾಗಿ ಎರಡೂ ದಿಕ್ಕಿಗೆ 300 ಮೀಟರ್, ಎರಡನೇ ಲೆಕ್ಕದಲ್ಲಿ 450 ಮೀಟರ್ ದೂರದ ರೈಲು ಕಣ್ಣಿಗೆ ಬೀಳಬೇಕು. ತಿರುವು ಇದ್ದರೆ ಕಷ್ಟ. ಬರೀ ಪೊದೆ ಅಡ್ಡ ಇದ್ದರೆ ಕಡಿದರೆ ಮುಗೀತು, ಅದನ್ನೇ ಬರೀರಿ. ದಾಟೋರಿಗೆ ರೈಲು ಬರೋದನ್ನ ತಿಳಿಸೋ ಕಿರು ಕೆಂಪು-ಹಸಿರು ದೀಪ ಯಾಕೆ ಆಗಲ್ಲ ಅಂತಲೂ ಕೇಳಿ. ಹಾರ್ನ್ ಒಂದನ್ನೇ ನಂಬೋಕಾಗಲ್ಲ, ನಡುರಾತ್ರಿಯಿಂದ ಬೆಳಗಿನ 6ರವರೆಗೆ ಮಾಮೂಲಾಗಿ ಹೊಡೆಯಲ್ಲ.

ಬದುಗಾವಲು: ಹಳಿಗಿಂತ ಆ ರಸ್ತೆ ಸೇತುವೆ ನೋಡಿ ಸ್ವಾಮಿ. 60 ಮೈಲಿ ಮಿತಿಯ ಹಳ್ಳಿರಸ್ತೆ, ಪಕ್ಕದಲ್ಲಿ ಹುಲ್ಲಂಚೂ ಇಲ್ಲ, ಸೇತುವೆಯ ದಿಬ್ಬದಾಚೆ ಬರೋ ಕಾರು ಕಾಣಲ್ಲ ಅಂದರೆ ಒಂದು ಅಪಾಯ ತಪ್ಪಿಸಿ ಇನ್ನೊಂದಕ್ಕೆ ತಳ್ಳಿದ ಹಾಗೆ. ರಸ್ತೆಯ ಮೇಲೆ ಎಷ್ಟು ಮೀಟರ್ ನಡೀಬೇಕು ಅಂತ ಟೇಪ್ ಹಿಡಿದು ಅಳೆದು, ಫೋಟೋ ಸಮೇತ ಕೊಡಿ. ಸುತ್ತು 900 ಮೀಟರ್ ಅನ್ನೋದಕ್ಕಿಂತ ಇದು ಗಟ್ಟಿ.

ಹೊಸ ದಾರಿಯ ಅಗಲ ಆದೇಶದಲ್ಲೇ ಇರಲಿ, 2 ಮೀಟರ್ ಕೇಳಿ. ಅಗಲ ಎಲ್ಲೂ ದಾಖಲಾಗಿಲ್ಲದಿದ್ದರೆ ಉಳುಮೆ, ಬೆಳೆ ವಿಚಾರದಲ್ಲಿ ಹೊಲದಂಚಿಗೆ 1.5 ಮೀಟರ್, ಹೊಲದ ನಡುವೆ ಬರೀ 1 ಮೀಟರ್ ಕನಿಷ್ಠ ಲೆಕ್ಕಕ್ಕೆ ಬರುತ್ತೆ. ಅಂಚಿನ ದಾರಿಯನ್ನ ಉಳುಮೆ ಮಾಡೋ ಹಾಗಿಲ್ಲ ಅನ್ನೋದು ನಿಮಗೆ ಲಾಭ. ಏಣಿಗಟ್ಟೆ (ಬೇಲಿ ಹತ್ತಿ ದಾಟೋ ಮೆಟ್ಟಿಲು) ಒಪ್ಪಬೇಡಿ, ಗೇಟು ಕೇಳಿ. ಗೇಟೂ ಬೇಡದ ಸಂದು ಬಿಟ್ಟರೆ ಇನ್ನೂ ಒಳ್ಳೇದು.

ಹೊಲದಂಚು: 200 ಮೀಟರ್ ಆಚೆ ಹಳಿ ಕೆಳಗೆ ದನ ದಾಟಿಸೋ ಹಳೇ ಕಮಾನು ಇದೆ. ಅದರಲ್ಲಿ ದಾರಿ ಕೇಳಬಹುದಾ?

ಬದುಗಾವಲು: ಖಂಡಿತ ಕೇಳಿ. ಆದರೆ ಮೊದಲು ತಲೆ ಎತ್ತರ ಅಳೀರಿ, ಚಳಿಗಾಲದಲ್ಲಿ ನೀರು ಎಲ್ಲಿವರೆಗೆ ನಿಲ್ಲುತ್ತೆ ಅಂತ ಗೋಡೆ ಮೇಲಿನ ಕೆಸರಿನ ಗೆರೆ ನೋಡಿ. ನಮ್ಮೂರ ರೈಲ್ವೆ ಅಂಡರ್‌ಪಾಸ್ ಕಥೆ ಎಲ್ಲರಿಗೂ ಗೊತ್ತು. ನೀರು ಹೊರಗೆ ಹರಿಯೋಕೆ ಇಳಿಜಾರೇ ಇಲ್ಲದಿದ್ದರೆ ಜಲ್ಲಿ ಸುರಿದು ನೆಲ ಎತ್ತರಿಸ್ತಾರೆ, ಆಗ ತಲೆ ತಾಗುತ್ತೆ.

ಕಾಯ್ದೆಕಟ್ಟು: ಇನ್ನೊಂದು. ಹೊಸ ದಾರಿಯ ಕೆಲಸ ಮುಗಿದಿದೆ ಅಂತ ಹೈವೇ ಅಥಾರಿಟಿ ಪ್ರಮಾಣಪತ್ರ ಕೊಡೋವರೆಗೂ ಹಳೇ ಹಕ್ಕು ರದ್ದಾಗಬಾರದು ಅನ್ನೋ ಷರತ್ತು ಆದೇಶದಲ್ಲಿದೆಯಾ ನೋಡಿ. ಇಲ್ಲದಿದ್ದರೆ ಆಕ್ಷೇಪಣೆಯಲ್ಲಿ ಅದನ್ನೂ ಸೇರಿಸಿ.