ಮುಂಜಿಮನೆಯ ಕವಳದ ತಟ್ಟೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಈಗಷ್ಟೇ ಗುಂಪಿನ ಸಂದೇಶಗಳನ್ನೆಲ್ಲ ನೋಡಿದೆ. ಮುಂಜಿಮನೆಯ ಸಾಮಾನು ಪಟ್ಟಿಯಿಂದ, ಕವಳದ ಅಂದರೆ ಎಲೆಯಡಿಕೆಯ ಜೊತೆ ಕೊಡುವ ಹೊಗೆಸೊಪ್ಪನ್ನು ತೆಗೆಯೋಣವೇ ಎಂದು ವಟುವಿನ ತಾಯಿ ಕೇಳಿದ್ದಾಳೆ. ಅದಕ್ಕೆ ದೊಡ್ಡಣ್ಣ, ‘ತಂಬಾಕಿಲ್ಲದ ಕವಳ ಕೊಟ್ಟರೆ ಬಂದವರು ಏನೆಂದುಕೊಂಡಾರು, ನಾವೇನು ಬೀಡಿ ಸಿಗರೇಟು ಹಂಚುತ್ತೇವೆಯೇ’ ಎಂದಿದ್ದಾನೆ. ಆಮೇಲೆ ಉಳಿದವರೆಲ್ಲ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದೀರಿ. ಇಷ್ಟನ್ನೆಲ್ಲ ಬೆರಳಿನಲ್ಲಿ ಒತ್ತುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳಿ.

ನನ್ನ ಮಾತು ಸ್ಪಷ್ಟ. ಹೊಗೆಸೊಪ್ಪು ಪಟ್ಟಿಯಿಂದ ಹೋಗಲೇಬೇಕು. ಈ ಮುಂಜಿಯಿಂದಲೇ ಹೋಗಬೇಕು.

ಜಗಲಿಯಲ್ಲಿ ಕವಳದ ತಟ್ಟೆಯನ್ನು ಹಿಡಿದು ತಿರುಗುವವರು ಯಾರು ಎಂಬುದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮಕ್ಕಳು. ಕಳೆದ ವರ್ಷದ ತಾಳಮದ್ದಳೆಯ ರಾತ್ರಿ, ಈ ಸಲ ಜನಿವಾರ ಹಾಕಿಸಿಕೊಳ್ಳುವ ನಮ್ಮ ಇದೇ ಹುಡುಗ ಹಿತ್ತಾಳೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸಾಲಾಗಿ ಕೂತವರ ಮುಂದೆ ಬಗ್ಗುತ್ತಾ ಹೋದ. ಒಬ್ಬರು ಎಲೆಯ ಬೆನ್ನಿಗೆ ಸುಣ್ಣ ಸವರುತ್ತಾ, ‘ತಮ್ಮಾ, ಹೊಗೆಸೊಪ್ಪಿನ ಒಂದು ಎಸಳು ಮುರಿದು ಕೊಡು’ ಎಂದರು. ಅವನು ಮುರಿದು ಕೊಟ್ಟ, ಬೆರಳನ್ನು ಚಡ್ಡಿಗೆ ಒರೆಸಿಕೊಂಡ, ಮುಂದಿನವರ ಬಳಿಗೆ ಹೋದ. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ತಂಬಾಕು ನಿಯಂತ್ರಣ ಕಾಯ್ದೆ ಕೋಟ್ಪಾದಲ್ಲೇ ಇದೆ. ಆ ಗಡಿಯನ್ನು ತೋರಿಸಲು ಎಷ್ಟೋ ಶಾಲೆಗಳ ಎದುರಿನ ರಸ್ತೆಯಲ್ಲಿ ಹಳದಿ ಗೆರೆ ಎಳೆದಿದ್ದಾರೆ. ಗುಲಾಬಿ ಆಂದೋಲನ ಎಂದು ಮಕ್ಕಳ ಕೈಗೆ ಹೂವು ಕೊಟ್ಟು, ಬೀಡಿ ಸೇದುವವರಿಗೂ ಅಂಗಡಿಯವರಿಗೂ ಕೊಡಿಸುತ್ತಾರೆ. ನಮ್ಮ ರಾಜ್ಯದಲ್ಲಂತೂ 2025ರ ಮೇ ತಿಂಗಳಿನಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ, ಜಗಿದು ಉಗಿದರೆ ಒಂದು ಸಾವಿರ ರೂಪಾಯಿಯವರೆಗೆ ದಂಡ. ಅಂಗಡಿಯವನು ಮಾಡಬಾರದು ಎಂದು ಸರ್ಕಾರ ತಡೆಯುವ ಕೆಲಸವನ್ನು ನಾವು ಮನೆಯಲ್ಲಿ ಹತ್ತು ವರ್ಷದ ಹುಡುಗನಿಂದ ಮಾಡಿಸುತ್ತೇವೆ, ಅದಕ್ಕೆ ಉಪಚಾರ ಎಂದು ಹೆಸರು.

ದೊಡ್ಡಣ್ಣ, ಬೀಡಿ ಸಿಗರೇಟಲ್ಲವಲ್ಲ ಎಂಬ ನಿನ್ನ ಮಾತಿಗೆ ಬರುತ್ತೇನೆ. 2016-17ರಲ್ಲಿ ನಡೆದ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡಾ 8.8, ಜಗಿಯುವುದು ಮೊದಲಾದ ಹೊಗೆಯಿಲ್ಲದ ಬಳಕೆಯವರು ಶೇಕಡಾ 16.3. ಹೆಚ್ಚುಕಡಿಮೆ ಎರಡು ಪಟ್ಟು. ಜಗಿಯುವ ತಂಬಾಕಿನಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳು ಕನಿಷ್ಠ 28 ಇವೆ. ನಾವು ಜೊತೆಗೆ ಸುಣ್ಣ ಹಚ್ಚುತ್ತೇವೆ. ಸುಣ್ಣದ ಕ್ಷಾರಕ್ಕೆ ನಿಕೋಟಿನ್ ಬೇಗ ಬಿಡುಗಡೆಯಾಗಿ ಕೆನ್ನೆಯ ಒಳಚರ್ಮದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಕವಳ ಹಾಕಿದ ಕೂಡಲೇ ತಲೆ ಹಗುರಾಯಿತು ಎನ್ನುವುದು, ಹಾಕದಿದ್ದರೆ ತೋಟದ ಕಡೆ ಕಾಲೇ ಏಳುವುದಿಲ್ಲ ಎನ್ನುವುದು ಇದರಿಂದಲೇ.

ಅಜ್ಜ ದಿನಕ್ಕೆ ಹತ್ತು ಕವಳ ಹಾಕಿಯೂ ತೊಂಬತ್ತು ದಾಟಿದ ಎಂದು ಎಲ್ಲರೂ ಹೇಳುತ್ತೀರಿ. ಅಜ್ಜನ ಆಯುಷ್ಯವನ್ನು ನೆನೆಯುವವರು ದೊಡ್ಡ ಬಾವನ ಬಾಯಿಯನ್ನು ಯಾಕೆ ನೆನೆಯುವುದಿಲ್ಲ? ಅವರು ಕವಳವನ್ನು ಯಾವಾಗಲೂ ಎಡಗೆನ್ನೆಯಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದರು. ಅಲ್ಲೇ ಒಂದು ಬಿಳಿ ಮಚ್ಚೆ ಎದ್ದಿತು. ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟಿದೆ ಎಂದು ತುಪ್ಪ ಹಚ್ಚುತ್ತಾ ಒಂದು ಮಳೆಗಾಲವನ್ನು ಕಳೆದರು. ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಯಾರಿಗೂ ಹೇಳಲಿಲ್ಲ. ಆಮೇಲೆ ಘಟ್ಟ ಇಳಿದು ಮಣಿಪಾಲ, ಶಸ್ತ್ರಚಿಕಿತ್ಸೆ, ವಿಕಿರಣ. ದೇವರ ದಯೆಯಿಂದ ಇದ್ದಾರೆ. ಅಕ್ಕ ಇಂದಿಗೂ ಅವರ ಅನ್ನವನ್ನು ಮಜ್ಜಿಗೆಯೊಂದಿಗೆ ಮಿಕ್ಸಿಗೆ ಹಾಕುತ್ತಾಳೆ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಅಪ್ಪೆಮಿಡಿಯ ಉಪ್ಪಿನಕಾಯಿ ಇಲ್ಲದೆ ಊಟಕ್ಕೇ ಕೂರದ ಮನುಷ್ಯ ಅವರು. ಮುಂಜಿಗೆ ಅವರೂ ಬರುತ್ತಾರೆ. ಅವರ ಮುಂದೆ ಆ ತಟ್ಟೆಯನ್ನು ಹಿಡಿಯುವವರು ಯಾರು, ಹೇಳಿ.

ಹಾಗಾದರೆ ಅಡಿಕೆಯೂ ಬೇಡವೇ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ನಾವು ಉಣ್ಣುವ ಅನ್ನ ಅಡಿಕೆಯದು, ಅದು ನನಗೆ ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಳೆಗಾರರ ಮನೆಯವರಾಗಿ ಆ ಮಾತನ್ನು ಒಂದು ದಿನ ಕೂತು ಆಡಲೇಬೇಕು. ಆ ದೊಡ್ಡ ಮಾತು ಬಾಕಿ ಇದೆ ಎಂದು ಈ ಸಣ್ಣ ಕೆಲಸವನ್ನು ಮುಂದೂಡಬೇಡಿ. ಹೊಗೆಸೊಪ್ಪು ನಮ್ಮ ತೋಟದ ಬೆಳೆಯೂ ಅಲ್ಲ, ದುಡ್ಡು ಕೊಟ್ಟು ಪೇಟೆಯಿಂದ ತರುವುದು.

ಇನ್ನೊಂದು ಮಾತು, ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಮರ ಹತ್ತಿ ಅಡಿಕೆಕೊನೆ ಕೊಯ್ಯಲು ಬರುವ ಕೊನೆಗೌಡನಿಗೆ, ಅಡಿಕೆ ಸುಲಿಯಲು ಬರುವ ಹೆಂಗಸರಿಗೆ ನಾವು ಕೂಲಿಯ ಜೊತೆ ಕವಳ ಕೊಡುತ್ತೇವೆ, ಅದರಲ್ಲಿ ತಂಬಾಕು ಇದ್ದೇ ಇರುತ್ತದೆ. ಬಸುರಿ ಹೆಂಗಸು ತಂಬಾಕು ಜಗಿದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚು, ದಿನ ತುಂಬುವ ಮೊದಲೇ ಹುಟ್ಟುವುದೂ ಉಂಟು. ಗೊತ್ತಿದ್ದೂ ಕೊಡುತ್ತಾ ಬಂದಿದ್ದೇವೆ. ಈ ಸುಗ್ಗಿಯಿಂದ ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸುತ್ತೇನೆ. ಅವರಿಗೆ ಬರುತ್ತಿದ್ದುದನ್ನು ಕಿತ್ತುಕೊಂಡಂತೆ ಆಗಬಾರದು. ತಂಬಾಕಿಗೆ ಆಗುತ್ತಿದ್ದ ಹಣವನ್ನು ಕೂಲಿಗೆ ಸೇರಿಸುತ್ತೇನೆ, ಮಧ್ಯಾಹ್ನದ ಆಸರಿಗೆ ಚಹಾದ ಜೊತೆ ತಿಂಡಿಯನ್ನೂ ಕೊಡುತ್ತೇನೆ. ನೀವೂ ಹಾಗೆಯೇ ಮಾಡಿ. ಒಂದೇ ಮನೆಯವರು ಮಾಡಿದರೆ ಜಿಪುಣರು ಎನ್ನುತ್ತಾರೆ, ಕೇರಿಯವರೆಲ್ಲ ಮಾಡಿದರೆ ಪದ್ಧತಿಯಾಗುತ್ತದೆ.

ಹುಡುಗರಿಗೆ ಒಂದು ಮಾತು. ಕವಳ ಹಳ್ಳಿಯವರದು ಎಂದು ನಗುವವರ ಜೇಬಿನಲ್ಲಿ ಪೊಟ್ಟಣವಿರುತ್ತದೆ. ಗುಟ್ಕಾ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಇನ್ನು ಸಿಗರೇಟು ಸೇದುವವರು ಚಪ್ಪರದೊಳಗೆ, ಅಡುಗೆಮನೆಯ ಹಿಂದೆ, ಮಕ್ಕಳನ್ನು ಕೂರಿಸಿಕೊಂಡ ಜೀಪಿನಲ್ಲಿ ಸೇದುವಂತಿಲ್ಲ. ಪಕ್ಕದವರ ಹೊಗೆ ಕುಡಿದೇ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಎಳೆಮಗುವನ್ನು ಎತ್ತಿಕೊಂಡು ಹುಬ್ಬಳ್ಳಿಯಿಂದ ಬರುವ ನಮ್ಮ ಹುಡುಗಿಯನ್ನು ನೆನಪಿನಲ್ಲಿಡಿ.

ಬಿಡಬೇಕೆಂಬ ಮನಸ್ಸಿರುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಮೊದಲ ಮೂರು ನಾಲ್ಕು ದಿನ ಸಿಡುಕು, ತಲೆನೋವು, ನಿದ್ದೆಗೇಡು ಹೆಚ್ಚು. ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಮನೆಯವರು ಅವರ ಸಿಡುಕನ್ನು ಸಹಿಸಿಕೊಳ್ಳಬೇಕು, ಅದೂ ನೆರವೇ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತುಪ್ಪ ಹಚ್ಚುತ್ತಾ ಕೂರಬೇಡಿ. ಶಿರಸಿಯಲ್ಲೇ ದಂತವೈದ್ಯರಿಗೆ ತೋರಿಸಿ.

ಈಗ ಪಟ್ಟಿ. ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ಇರಲಿ. ಜೊತೆಗೆ ಏಲಕ್ಕಿ, ಲವಂಗ, ಕೊಬ್ಬರಿ ಚೂರು, ಸಕ್ಕರೆ ಹಾಕಿದ ಸೋಂಪು. ಇವುಗಳ ಖರ್ಚು ನನ್ನದು. ತಮ್ಮದೇ ಸಂಚಿ ತಂದವರನ್ನು ಯಾರೂ ಅವಮಾನಿಸಬೇಡಿ, ಹಿರಿಯರಿಗೆ ಅರವತ್ತು ವರ್ಷದ ಅಭ್ಯಾಸ ಒಂದು ದಿನಕ್ಕೆ ಬಿಡುವುದಿಲ್ಲ. ಆದರೆ ಮಕ್ಕಳ ಕೈಯಲ್ಲಿ ತರಿಸಬಾರದು, ಬಾವಿಕಟ್ಟೆಯ ಬಳಿ ಉಗಿಯಬಾರದು. ದೊಡ್ಡಣ್ಣ, ಬಂದವರು ಕೇಳಿದರೆ ತಂಗಿ ಬೇಡವೆಂದಳು ಎಂದು ನನ್ನ ಹೆಸರನ್ನೇ ಹೇಳು, ಜಗಲಿಗೆ ಬಂದು ಉತ್ತರ ನಾನೇ ಕೊಡುತ್ತೇನೆ. ನಾಳೆ ಪಟ್ಟಿ ಅಂಗಡಿಗೆ ಹೋಗುವ ಮೊದಲು ನೀನೇ ನಿನ್ನ ಕೈಯಾರೆ ಆ ಒಂದು ಸಾಲನ್ನು ಹೊಡೆದುಹಾಕಿ, ಫೋಟೊ ತೆಗೆದು ಈ ಗುಂಪಿಗೆ ಕಳುಹಿಸು.