ಬೀಗದ ಕೈ ಇಲ್ಲದೆ ಬೀಗ ತೆಗೆಯೋದು: ಹವ್ಯಾಸಕ್ಕೆ ಕಲಿತವರು ಯಾರಾದರೂ ಇದ್ದೀರಾ?

ಊರು ತುಮಕೂರು. ಹೋದ ತಿಂಗಳು ನಮ್ಮ ಬೀರುವಿನ ಕೈ ಕಳೆದುಹೋಯಿತು. ಬೀಗ ರಿಪೇರಿಯವರು ಬಂದರು, ಎರಡು ತಂತಿ ಹಾಕಿದರು, ನಾನು ಟೀ ತರುವಷ್ಟರಲ್ಲಿ ತೆಗೆದೇಬಿಟ್ಟಿದ್ದರು. ಅವತ್ತಿನಿಂದ ನನಗೂ ಕಲಿಯುವ ಹುಚ್ಚು. ಕಳ್ಳತನಕ್ಕಲ್ಲ ಸ್ವಾಮಿ, ಸುಮ್ನೆ ಆಸಕ್ತಿ. ಯಾವ ಬೀಗದಿಂದ ಶುರು ಮಾಡಲಿ? ಪೊಲೀಸ್ ತಾಪತ್ರಯ ಏನಾದ್ರೂ ಇದೆಯಾ?

ಶಿರಾ ಗೇಟ್ ಕಡೆಯಿಂದ

ಮೂರು ವರ್ಷದಿಂದ ನನಗೆ ಇದೇ ಚಟ. ಮೊದಲ ಎರಡು ತಿಂಗಳು ದಂಡವಾಯಿತು. ನೀವಾದರೂ ಉಳಿಸಿಕೊಳ್ಳಿ.

ವಿಡಿಯೋಗಳಲ್ಲಿ ತೋರಿಸುವುದು ಹೆಚ್ಚಾಗಿ ಪಿನ್ ಬೀಗ, ಅಂದರೆ ಒಳಗೆ ಸ್ಪ್ರಿಂಗ್ ಇರುವ ಸಣ್ಣ ಪಿನ್ನುಗಳ ಸಾಲು ಇರುವಂಥದ್ದು. ನಾನು ಕೈಗೆತ್ತಿಕೊಂಡಿದ್ದು ನಮ್ಮ ಹಳೇ ಗೇಟಿನ ಬೀಗ. ದಿನಾ ರಾತ್ರಿ ಊಟ ಆದಮೇಲೆ ಕೂತು ಕೆದಕಿದ್ದೇ ಕೆದಕಿದ್ದು, ಏನೂ ಆಗಲಿಲ್ಲ. ಕೊನೆಗೆ ಹ್ಯಾಕ್ಸಾದಲ್ಲಿ ಕೊಯ್ದು ನೋಡಿದರೆ ಒಳಗೆ ಪಿನ್ನೇ ಇಲ್ಲ! ಒಂದರ ಮೇಲೊಂದು ತೆಳು ತಗಡು. ಅದು ಲಿವರ್ ಬೀಗ. ನಮ್ಮ ಕಡೆ ಗೇಟಿಗೆ, ಶಟರ್‌ಗೆ ಹಾಕುವ ಬೀಗಗಳಲ್ಲಿ ಲಿವರ್‌ನವು ಜಾಸ್ತಿ. ಅದಕ್ಕೆ ಬೇಕಾಗುವ ಸಾಮಾನೇ ಬೇರೆ, ಹೊಸಬರಿಗೆ ಅದು ಬೇಡ.

ಕೊಳ್ಳುವ ಮುಂಚೆ ಬೀಗದ ಕೈ ನೋಡಿ. ಅಂಚಿನಲ್ಲಿ ಗುಡ್ಡದ ಸಾಲಿನ ಹಾಗೆ ಏರಿಳಿತ, ಪಕ್ಕದಲ್ಲಿ ಉದ್ದಕ್ಕೂ ಗೀರು ಇದ್ದರೆ ಪಿನ್ ಬೀಗ. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗದ ಹಿತ್ತಾಳೆ ಬೀಗ ಎರಡು ತನ್ನಿ. ಅಗ್ಗದ್ದೇ ಒಳ್ಳೆಯದು, ಅದರಲ್ಲಿ ಪಿನ್ ಕೂರುವ ತೂತುಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ. ನಮ್ಮ ಆಟವೆಲ್ಲ ನಡೆಯುವುದೇ ಆ ವ್ಯತ್ಯಾಸದಿಂದ. ಬಾಗಿಸಿದ ಪಟ್ಟಿಯೊಂದನ್ನು ಕೈ ತೂರಿಸುವ ಕಂಡಿಯ ಒಂದು ತುದಿಗೆ ಸಿಕ್ಕಿಸಿ, ತಿರುಗಿಸುವ ಕಡೆಗೆ ಹಗುರವಾಗಿ ಒತ್ತಿ ಹಿಡಿಯಬೇಕು. ಆಗ ಐದು ಪಿನ್ನಿನಲ್ಲಿ ಒಂದೇ ಒಂದು ಬಿಗಿಯಾಗುತ್ತದೆ, ಮಿಕ್ಕವು ಸ್ಪ್ರಿಂಗ್ ಮೇಲೆ ಕುಣಿಯುತ್ತಿರುತ್ತವೆ. ಬಿಗಿಯಾದದ್ದನ್ನು ಹುಡುಕಿ ಕೊಕ್ಕೆಯಿಂದ ಮೆಲ್ಲಗೆ ಎತ್ತಿದರೆ ಟಿಕ್ ಅನ್ನುತ್ತದೆ. ಕಿವಿಗೆ ಕೇಳಿಸುವುದಕ್ಕಿಂತ ಬೆರಳಿಗೇ ಮೊದಲು ಗೊತ್ತಾಗುತ್ತದೆ. ಆಮೇಲೆ ಇನ್ನೊಂದು ಬಿಗಿಯಾಗುತ್ತದೆ.

ಎಲ್ಲರೂ ಮಾಡುವ ತಪ್ಪು ಜೋರಾಗಿ ಒತ್ತುವುದು. ಹಾಲಿನ ಕೆನೆ ಹರಿಯದ ಹಾಗೆ ಬೆರಳಿಟ್ಟಷ್ಟು ಸಾಕು.

ಚಿಕ್ಕಬಳ್ಳಾಪುರದಿಂದ

ನಮ್ಮಪ್ಪ ಮೂವತ್ತು ವರ್ಷ ಬಸ್ ಸ್ಟಾಂಡ್ ಹತ್ತಿರ ಕೂತು ಡೂಪ್ಲಿಕೇಟ್ ಕೈ ಮಾಡಿದವರು. ಅವರು ಕೊಕ್ಕೆ ಹಾಕಿದ್ದು ಕಮ್ಮಿ. ಇನ್ನೂ ಹಲ್ಲು ಕೊಯ್ಯದ ಹೊಸ ಬೀಗದ ಕೈ ತೂರಿಸಿ ಅಲುಗಾಡಿಸುವರು, ಹೊರಗೆ ತೆಗೆದು ಬಿಸಿಲಿಗೆ ಹಿಡಿಯುವರು. ಪಿನ್ ಒತ್ತಿದ ಕಡೆ ಸಣ್ಣ ಹೊಳಪಿನ ಚುಕ್ಕೆ ಕಾಣುತ್ತದೆ. ಅಲ್ಲಿ ಅರದಿಂದ ಎರಡು ಎಳೆತ, ಮತ್ತೆ ತೂರಿಸುವುದು. ಬೀಗ ತೆಗೆಯುವುದರ ಜೊತೆಗೆ ಹೊಸ ಕೈಯೂ ಸಿದ್ಧ. ಅಣ್ಣ, ಅದನ್ನೂ ಕಲಿಯಿರಿ.

ಇನ್ನೊಂದು ಮಾತು. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ! ಧೂಳು ಹಿಡಿದು ಒಳಗೆಲ್ಲ ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು.

ತುಮಕೂರು, ಗೃಹಿಣಿ

ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ನಾನು ಹೇಳುತ್ತೇನೆ. ಒಂದು ಭಾನುವಾರ ನಮ್ಮ ಮುಂಬಾಗಿಲು ಎಳೆದುಕೊಂಡು ಹೊರಗೆ ಕೂತು ಕೊಕ್ಕೆ ಹಾಕಿದೆ, ತುದಿ ಒಳಗೇ ಮುರಿಯಿತು. ಅವತ್ತೇ ಮಗಳ ಗಂಡನ ಮನೆಯವರು ಊಟಕ್ಕೆ ಬರುವವರಿದ್ದರು. ಬೀಗರು ಬೀಗದ ಮುಂದೆ ಅರ್ಧ ಗಂಟೆ ನಿಂತರು. ನಮ್ಮೆಜಮಾನರು ಇವತ್ತಿಗೂ ಬಿಟ್ಟಿಲ್ಲ, ಬೀಗರ ಫೋನ್ ಬಂದರೆ ಸಾಕು "ಕೊಕ್ಕೆ ಎಲ್ಲಿಟ್ಟಿದ್ದೀಯೇ?" ಅಂತಾರೆ.

ಪೊಲೀಸ್ ವಿಷಯ ಕೇಳಿದ್ದೀರಿ. ನಿಮ್ಮ ಬೀಗ ನೀವು ತೆಗೆದರೆ ಯಾರೂ ಕೇಳುವುದಿಲ್ಲ. ಬೇರೆಯವರದ್ದಾದರೆ ಅವರು ಒಪ್ಪಿರಬೇಕು, ಬಾಡಿಗೆ ಮನೆ ಬಾಗಿಲೂ ಆ ಲೆಕ್ಕಕ್ಕೇ ಸೇರುತ್ತದೆ. ಆದರೆ ಮನೆ ಮುರಿಯುವ ಸಾಮಾನು ಸರಿಯಾದ ಕಾರಣವಿಲ್ಲದೆ ರಾತ್ರಿ ಹೊತ್ತು ಕೈಯಲ್ಲಿದ್ದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಅದೇ ಒಂದು ಅಪರಾಧ. ಹಾಗಾಗಿ ಕೊಕ್ಕೆ, ಪಟ್ಟಿಯ ಕಿಟ್ ಮನೆಯಲ್ಲೇ ಇರಲಿ. ಬ್ಯಾಗಲ್ಲಿ ಹಾಕಿಕೊಂಡು ತಿರುಗಬೇಡಿ.

ಕೇಳಿದವನು, ಹದಿನೈದು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ಬೀಗ ತಂದೆ. ಎಂಟು ದಿನ ಏನೂ ಆಗದೆ ಬೇಜಾರಾಗಿತ್ತು. ಒಂಬತ್ತನೇ ದಿನ ಟಿವಿ ನೋಡುತ್ತಾ ಕೂತಿದ್ದಾಗ ಚಿಕ್ಕದು ತಾನಾಗೇ ತಿರುಗಿದ ಹಾಗೆ ತಿರುಗಿತು. ಹೆಂಡತಿಯನ್ನು ಕೂಗಿ ಕರೆದೆ. ಇನ್ನೊಂದು ಸಲ ತೋರಿಸಿ ಅಂದಳು. ಆಗಲಿಲ್ಲ. ಇನ್ನೂ ಆಗಿಲ್ಲ.

ಶಿರಾ ಗೇಟ್ ಕಡೆಯಿಂದ

ಬೇಜಾರು ಬೇಡ. 1851ರಲ್ಲಿ ಲಂಡನ್‌ನಲ್ಲಿ ಹಾಬ್ಸ್ ಅನ್ನುವ ಅಮೆರಿಕದ ಬೀಗ ತಜ್ಞ ಬ್ರಾಮಾ ಕಂಪನಿಯ ಸವಾಲಿನ ಬೀಗ ತೆಗೆಯಲು 51 ಗಂಟೆ ತೆಗೆದುಕೊಂಡ, ಅದೂ 16 ದಿನಗಳಲ್ಲಿ ಹಂಚಿಕೊಂಡು. ನಿಮ್ಮದು ಒಂಬತ್ತೇ ದಿನ! ಟಿವಿ ಆಫ್ ಮಾಡಬೇಡಿ, ನೋಡುತ್ತಲೇ ಪ್ರಯತ್ನಿಸಿ. ಕಣ್ಣು ಬೇರೆ ಕಡೆ ಇದ್ದಾಗ ಒತ್ತುವ ಬೆರಳು ಹಗುರಾಗುತ್ತದೆ, ನನಗೂ ಹಾಗೇ ಆಗಿತ್ತು.